ದೊಡ್ಡಪ್ಪ ಮತ್ತು ಬಡವಾಗದ ಕೂಳೆ

ನಾನು ಓದಿ ಡಿಗ್ರಿ ತರುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದವನು ನಮ್ಮ ದೊಡ್ಡಪ್ಪ. "ನಮ್ಮನೆ ಎಣ್ಣೈಕ್ಳಿಗೆ ಇಸ್ಕೂಲು ಆಗ್ಬರಾಕಿಲ್ಲ ಕಣವ್ವ, ಬುಡು" ಎಂದಿದ್ದ. ಹೇಳಿದವನಾದರೂ ಎಂಥವನು? ಸತ್ತ ಮಗಳಿಗೆ ವರ್ಷಕ್ಕೊಂದು ಜೊತೆ ಚಪ್ಪಲಿ ತರುವವನು! ಇಂಥವನ ಮಾತು ಯಾರು ಕೇಳುತ್ತಾರೆ ಹೇಳಿ?

ನನಗಿಂತ ಒಂದು ವರ್ಷಕ್ಕೆ ದೊಡ್ಡವಳಾದ ಆ ಅಕ್ಕ ಏಳು ತುಂಬುವ ಮೊದಲೇ ಮಿದುಳಿನ ಗೆಡ್ಡೆಯಿಂದ ತೀರಿಕೊಂಡಳು. ದೊಡ್ಡಪ್ಪ ಮಾತ್ರ ಗೌರಿ ಹಬ್ಬ ಬಂದರೆ ಮಳವಳ್ಳಿ ಬಸ್ಸು ಹತ್ತುವುದನ್ನು ಬಿಡಲಿಲ್ಲ. ವರ್ಷ ಕಳೆದಂತೆ ಚಪ್ಪಲಿಯ ನಂಬರೂ ಏರುತ್ತಿತ್ತು!

ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನಾನೂ ಜೊತೆಗೆ ಹೋದೆ. ಅಂಗಡಿಗೆ ಹೊಸಬ ಬಂದಿದ್ದ.

"ಮಗೀನ ಕರ್ಕಂಬನ್ನಿ ಗೌಡ್ರೆ, ಅಳ್ತೆ ನೋಡಾನ."

"ಅವ್ಳು ತೀರ್ಕಂಡು ಒಂಬತ್ತು ವರ್ಸ ಆಯ್ತು ಕಣಪ್ಪ."

"ಮತ್ತೆ ಇದ್ಯಾರ್ಗೆ?"

"ಅವ್ಳಿಗೇಯ. ಅಲ್ಲೂ ಬೆಳೀದೆ ಇದ್ದಾಳಾ?"

ಪಾಪ, ಅವನು ಹೆದರಿ ಚಪ್ಪಲಿ ಡಬ್ಬವನ್ನು ಕೈಯಿಂದ ಕೊಡದೆ ಕಸಪೊರಕೆಯ ತುದಿಯಿಂದ ತಳ್ಳಿದ!

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಮೆಲ್ಲಗೆ ಬಾಯಿಬಿಟ್ಟ. ಬೆಳಗಾದರೆ ತಲೆನೋವು, ವಾಂತಿ ಎನ್ನುತ್ತಿದ್ದ ಅಕ್ಕನದು ಸ್ಕೂಲು ತಪ್ಪಿಸುವ ನಾಟಕ ಎಂದುಕೊಂಡು ತಲೆಗೆ ಬಲವಾಗಿ ಮೊಟಕಿದ್ದನಂತೆ. "ಆ ಏಟ್ಗೇ ಗೆಡ್ಡೆ ಆಯ್ತೇನವ್ವ? ನೀ ಓದೇ ಓದ್ತೀನಿ ಅಂದ್ರೆ ಇದೊಂದ ತಿಳ್ಕಂಡು ಯೋಳು."

ಆ ಚಪ್ಪಲಿಗಳು ಹಿತ್ತಿಲ ಬಾಗಿಲಲ್ಲಿರುತ್ತವೆ. ಯಾರೂ ಮೆಟ್ಟುವುದಿಲ್ಲ. ಆದರೆ ಮುಂದಿನ ಹಬ್ಬದ ಹೊತ್ತಿಗೆ ಹಿಮ್ಮಡಿ ಸವೆದಿರುತ್ತದೆ! ದೊಡ್ಡಮ್ಮನ ಮೇಲೆ ಅನುಮಾನಪಟ್ಟೆ. ಅವಳ ಪಾದ ಅದರಲ್ಲಿ ಹಿಡಿಸುವುದೇ ಇಲ್ಲ. ನಾನು ವಿಜ್ಞಾನ ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಹಿತ್ತಿಲಿಗೆ ಹೋಗಬೇಕಾದರೆ ಮುಂಬಾಗಿಲಿಂದ ಸುತ್ತಿಕೊಂಡು ಹೋಗುತ್ತೇನೆ, ಅಷ್ಟೇ!

ಮದ್ದೂರು, ಮಂಡ್ಯದ ಬಸ್ಸುಗಳ ಬಾಗಿಲಲ್ಲಿ ನೇತಾಡಿಕೊಂಡೇ ನಮ್ಮ ವಂಶದ ಮೊದಲ ಡಿಗ್ರಿ ತಂದೆ. ಅಲ್ಲಿಗೂ ನಿಲ್ಲದೆ ಪಿಎಚ್.ಡಿ.ಗೆ ಸೇರಿದೆ. ವಿಷಯ, ಮಕ್ಕಳ ಮಿದುಳಿನ ಗೆಡ್ಡೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದರ ವರ್ಣತಂತುಗಳ ತುದಿ, ಅಂದರೆ ಟೆಲೋಮಿಯರ್, ಚೂರು ಸವೆಯುತ್ತದೆ. ತೀರಾ ಸವೆದರೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಗೆಡ್ಡೆಯ ಕೋಶ ಮಾತ್ರ ತುದಿಯನ್ನು ಮತ್ತೆ ಮತ್ತೆ ಕಟ್ಟಿಕೊಂಡು ಬೆಳೆಯುತ್ತಲೇ ಹೋಗುತ್ತದೆ. ಇದನ್ನು ದೊಡ್ಡಪ್ಪನಿಗೆ ಹೇಳುವುದು ಹೇಗೆ? ಗದ್ದೆಗೇ ಕರೆದುಕೊಂಡು ಹೋದೆ.

"ಕಬ್ಬು ಕಡದ್ಮೇಲೆ ಅದೇ ಬುಡ್ದಿಂದ ಕೂಳೆ ಬತ್ತದಲ್ಲ ದೊಡ್ಡಪ್ಪ?"

"ಬತ್ತದೆ. ವರ್ಸ ವರ್ಸಕ್ಕೂ ಬಡವಾಯ್ತದೆ. ಆಮ್ಯಾಕೆ ಕಿತ್ತಾಕ್ತೀವಿ."

"ಅಕ್ಕನ ತಲೇಲಿದ್ದಿದ್ದು ಬಡವಾಗ್ದಿರೋ ಕೂಳೆ. ಮೊಟಕಿದ್ರೆ ಉಟ್ಟೋದಲ್ಲ ಅದು."

ಗಾಳಿಯೇ ಇಲ್ಲದ ಮಧ್ಯಾಹ್ನ. ಒಳಗೆಲ್ಲೋ ಕಬ್ಬಿನ ಸೋಗೆ ಸರಸರ ಎಂದಿತು. ದೊಡ್ಡಪ್ಪ ಅತ್ತಲೇ ನೋಡುತ್ತ ಅಂದ: "ಬಡವಾಗ್ದಿರೋ ಕೂಳೆಯ? ಅದು ಬೆಳೆಯಲ್ಲ ಕಣವ್ವ, ಪೀಡೆ. ಆದ್ರೂ ಬಾಯ್ಮಾತ್ನ ಯಾರ್ ಬೇಕಾದ್ರೂ ಆಡ್ತರೆ. ಕಾಗ್ದದಲ್ಲಿ ಬರ್ದಿರಾದ್ನ ತಂದು ತೋರ್ಸು."

ಹೋದ ತಿಂಗಳು ಪಿಎಚ್.ಡಿ. ಸರ್ಟಿಫಿಕೇಟು ಬಂತು. ನೇರ ಒಯ್ದು ಅವನ ಕೈಗಿಟ್ಟೆ. ಓದಲು ಬಾರದ ದೊಡ್ಡಪ್ಪ ಅದನ್ನು ಹಿಂದೆಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ.

"ನನ್ನ ಏಟ್ಗಲ್ಲ ಅಂತ ಇದ್ರಲ್ಲಿ ಎಲ್ಲೈತೆ, ತೋರ್ಸವ್ವ."

ಎಲ್ಲಿದೆ ಎಂದು ತೋರಿಸಲಿ? ನನ್ನ ಹೆಸರಿನ ಮೇಲೆ ಬೆರಳಿಟ್ಟೆ. ಅವನೂ ಅಲ್ಲೇ ಬೆರಳಿಟ್ಟ. ಆಮೇಲೆ, ಯಾರೂ ಇಲ್ಲದ ಹಿತ್ತಿಲ ಬಾಗಿಲ ಕಡೆ ತಿರುಗಿ ಅಂದ:

"ಕೇಳುಸ್ತೇನವ್ವ? ನಿಮ್ಮಪ್ಪ ಒಡದಿದ್ಕಲ್ವಂತೆ."