ಎವರಿಸ್ತೊ ನುಂಗಿದ ಬೊಂಬೆ

ಮೂವರು ರಾಜರ ಹಬ್ಬದ ಬೆಳಿಗ್ಗೆ, ರೋಸ್ಕಾದ ಮೊದಲ ತುಂಡು ಕಚ್ಚಿದ ಕೂಡಲೇ ಎವರಿಸ್ತೊನ ಹಲ್ಲಿಗೆ ಏನೋ ಗಟ್ಟಿಯಾಗಿ ತಾಗಿತು. ಆ ಬಳೆಯಾಕಾರದ ಸಿಹಿರೊಟ್ಟಿಯೊಳಗೆ ಹುದುಗಿಸಿಟ್ಟ ಪ್ಲಾಸ್ಟಿಕ್ ಮಗುವಿನ ಬೊಂಬೆ ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ತಮಾಲೆ ಎಂಬ ಜೋಳದ ಕಡುಬು ತಿನ್ನಿಸಬೇಕು. ಹೋದ ವರ್ಷವೂ ಅದು ಅವನಿಗೇ ಒಲಿದಿತ್ತು. ಇಡೀ ಸ್ಟುಡಿಯೋಗೆ ಜೋಳದ ಹಿಟ್ಟು ನಾದಿ ಕೈಸೋತ ಹೆಂಡತಿ ಎಲ್ವಿರಾ, "ಇನ್ನೊಂದ್ಸಲ ಆ ಬೊಂಬೆ ತಗೊಂಡು ಬಂದ್ರೆ ಅದರ ಜೊತೆ ನೀನೂ ಹೊರಗೇ ಮಲ್ಕೋ" ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಈಗ ಬೊಂಬೆ ಮತ್ತೆ ಅವನ ಬಾಯಲ್ಲಿ, ಅದೂ ನೇರ ಪ್ರಸಾರದಲ್ಲಿ. ಪ್ವೆಬ್ಲಾ ಊರಿನ ಟಿವಿಯ ಬೆಳಗಿನ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ರಾಶಿಭವಿಷ್ಯ ಓದಿ, ಸೋಪಿನ ಜಾಹೀರಾತಿಗೆ ಕುಣಿದು, ಕೋಳಿ ವೇಷ ಹಾಕಿ ಸವೆದಿದ್ದ ಎವರಿಸ್ತೊ. ಭಾನುವಾರದ ದೊಡ್ಡ ಕಾರ್ಯಕ್ರಮದ ನಿರೂಪಣೆ ಯಾರಿಗೆ ಎಂದು ಚಾನೆಲ್ ಯಜಮಾನ ದೊನ್ ಸಲೊಮೊನ್ ಇವತ್ತೇ ಹೇಳುವವರಿದ್ದರು. ಅದೊಂದು ಸಿಕ್ಕರೆ ಬಾಳು ಬಂಗಾರ. ಇಂಥ ಹೊತ್ತಿನಲ್ಲಿ ತಮಾಲೆಯ ತಂಟೆ ಯಾಕೆಂದು ಅವನು ಬೊಂಬೆಯನ್ನು ನಾಲಿಗೆಯಿಂದ ದವಡೆಗೆ ತಳ್ಳಿದ.

"ಯಾಕಪ್ಪಾ ಸುಮ್ಮನಾದೆ?" ಸಹನಿರೂಪಕಿ ಯೊಲಾಂದಾ ಕ್ಯಾಮೆರಾ ಎದುರೇ ಕೆಣಕಿದಳು. "ನೋಡ್ರೀ, ಎವರಿಸ್ತೊ ಬಾಯಿ ಮುಚ್ಚಿದ್ದಾನೆ! ಪೊಪೊ ಜ್ವಾಲಾಮುಖಿ ಹೊಗೆ ನಿಲ್ಲಿಸ್ತು ಅಂದ್ರೂ ನಂಬ್ತಿದ್ದೆ, ಇದನ್ನ ನಂಬಲ್ಲ. ಕೆನ್ನೆ ಬೇರೆ ಊದಿದೆ!"

"ಅಯ್ಯು ಓವು," ಎಂದ ಎವರಿಸ್ತೊ. ಹಲ್ಲು ನೋವು ಎಂದು ಅವನ ಅರ್ಥ.

"ಹಲ್ಲು ನೋವಾ? ಡಾಕ್ಟ್ರು ಇಲ್ಲೇ ಇದ್ದಾರಲ್ಲ!"

ಆರೋಗ್ಯದ ಸಲಹೆ ಹೇಳಲು ಬಂದಿದ್ದ ಡಾಕ್ಟರು ಕಾಯುತ್ತಿದ್ದವರಂತೆ ಟಾರ್ಚ್ ಹಿಡಿದು ಹತ್ತಿರ ಬಂದರು. "ಎಲ್ಲಿ, ಆ ಅನ್ನಿ."

ನುಂಗಲಾಗದ ಉಗುಳಲಾಗದ ಬಿಸಿತುಪ್ಪ. ಎವರಿಸ್ತೊ ಗಬಕ್ಕನೆ ಚಾಕೊಲೇಟ್ ಲೋಟ ಎತ್ತಿ ಗಟಗಟ ಕುಡಿದ. ಬೊಂಬೆ ಒಳಗಿಳಿಯಿತು. ಆಮೇಲೆ ಹಬ್ಬದ ದಿನ ಚರ್ಚಿನ ಬಾಗಿಲು ತೆರೆದಷ್ಟು ಧಾರಾಳವಾಗಿ ಬಾಯಿ ತೆರೆದ.

"ಏನೂ ಇಲ್ವಲ್ರೀ!" ಎಂದರು ಡಾಕ್ಟರು.

ಅಷ್ಟರಲ್ಲಿ ದೊನ್ ಸಲೊಮೊನ್ ಒಳಗೆ ಬಂದರು. "ಭಾನುವಾರ ನಿಮ್ಮಿಬ್ಬರಲ್ಲಿ ಯಾರಿಗೆ ಕೊಟ್ರೂ ಇನ್ನೊಬ್ರಿಗೆ ಮುನಿಸು. ಅದಕ್ಕೆ ತೀರ್ಮಾನ ರೋಸ್ಕಾಗೇ ಬಿಟ್ಟಿದ್ದೀನಿ. ಬೊಂಬೆ ಯಾರಿಗೆ ಸಿಕ್ತೋ ಭಾನುವಾರ ಅವರದ್ದು!"

ಎವರಿಸ್ತೊ ಚಂಗನೆ ಹಾರಿದ. "ನನಗೇ ಸಿಕ್ಕಿದ್ದು ಯಜಮಾನ್ರೇ! ಗ್ವಾಡಲೂಪೆ ತಾಯಾಣೆ, ನುಂಗಿಬಿಟ್ಟೆ!"

ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು.

"ಎಕ್ಸ್‌ರೇ ತೆಗೆಸಿ ನೋಡಿ!" ಎಂದು ಎವರಿಸ್ತೊ ಗೋಗರೆದ.

"ಪ್ಲಾಸ್ಟಿಕ್ಕು ಅದರಲ್ಲಿ ಕಾಣೋದು ಕಷ್ಟ," ಎಂದರು ಡಾಕ್ಟರು. "ಬಾಯಲ್ಲಂತೂ ಏನೂ ಇರ್ಲಿಲ್ಲ."

"ಅಯ್ಯೋ, ಇದೇನಿದು?" ಆಗಷ್ಟೇ ತನ್ನ ಪಾಲಿನ ರೋಸ್ಕಾ ಕಚ್ಚಿದ್ದ ಯೊಲಾಂದಾಳ ಬಾಯಿಂದ ಪುಟ್ಟ ಬೊಂಬೆಯೊಂದು ಹೊರಬಂತು. ದೊಡ್ಡ ರೋಸ್ಕಾಗೆ ಎರಡು ಮೂರು ಬೊಂಬೆ ಹುದುಗಿಸುವುದು ಬೇಕರಿಯವರ ವಾಡಿಕೆ. ಅದು ಯಜಮಾನರಿಗೆ ಹೊಳೆದೇ ಇರಲಿಲ್ಲ.

"ಕಣ್ಣಿಗೆ ಕಂಡಿದ್ದೇ ಬೊಂಬೆ. ಭಾನುವಾರ ನಿಂದೇ ಕಣಮ್ಮಾ!" ಎಂದು ಅವರು ಘೋಷಿಸಿದರು.

ಎವರಿಸ್ತೊಗೆ ಅಳು ಬಂತು. ಹೋಗಲಿ, ತಮಾಲೆಯಾದರೂ ತಪ್ಪಿತಲ್ಲ ಎಂದು ಕಣ್ಣೊರೆಸಿಕೊಂಡ.

"ಪಾಪ, ತಾಯಾಣೆ ಹಾಕಿದವನನ್ನ ಸುಳ್ಳ ಅನ್ನೋಕಾಗುತ್ತಾ?" ಎಂದಳು ಯೊಲಾಂದಾ. "ನನಗಿನ್ನು ಭಾನುವಾರದ ತಯಾರಿ. ತಮಾಲೆ ಅವನದ್ದೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವೀಕ್ಷಕರ ಕರೆಗೆಂದು ಇಟ್ಟಿದ್ದ ಫೋನು ಗಣಗಣ ಎಂದಿತು. ಎಲ್ವಿರಾ!

"ಎಲ್ಲಾ ನೋಡ್ದೆ," ಅವಳ ದನಿ ಊರಿಗೆಲ್ಲ ಕೇಳಿಸಿತು. "ಈ ಸಲ ಹಿಟ್ಟು ನೀನೇ ನಾದು. ಮನೆಗೆ ಬರೋ ಹಾಗಿದ್ರೆ ಆ ಬೊಂಬೆನ ಹೊರಗೆ ಬಿಟ್ಟು ಬಾ."

ಎವರಿಸ್ತೊ ದೀನನಾಗಿ ಡಾಕ್ಟರ ಮುಖ ನೋಡಿದ.

"ಎರಡು ದಿನವಾದ್ರೂ ಬೇಕಪ್ಪಾ," ಎಂದರು ಡಾಕ್ಟರು.