ಜರ್ಮನ್ ಸ್ಕ್ರೂಡ್ರೈವರುಗಳ ಪೆಟ್ಟಿಗೆ

ಒಂದಕ್ಷರ ಓದಲು ಬಾರದೆ ಆರು ವರ್ಷ ಹೈಸ್ಕೂಲಿನ ವಿಜ್ಞಾನ ಶಿಕ್ಷಕನಾಗಿದ್ದವನು ಇಡೀ ಮದರಾಸಿನಲ್ಲಿ ನಾನೊಬ್ಬನೇ. ಇದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಎಲ್ಲಿದೆ ಎಂದು ಕೇಳಬೇಡಿ. ಕೀಲ್ಪಾಕಿನಲ್ಲಿ ಆ ಶಾಲೆಯಿದ್ದ ಜಾಗದಲ್ಲಿ ಈಗ ಕಾರು ಮಾರುತ್ತಾರೆ, ಹೆಡ್ಮಾಸ್ಟರ್ ರಾಮದಾಸರು ತೀರಿಕೊಂಡರು, ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿತು. ಪ್ರಣಮ್ಯಾ, ಮೊಮ್ಮಗಳೇ, ನೀನು ಬಿ.ಎಡ್. ಓದುವವಳು, ಆ ತಗಡಿನ ಪೆಟ್ಟಿಗೆಯ ಮೇಲೆ ಕೂತು ಕೇಳು. ನಿನ್ನ ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ.

ನಾನು ಕುಂದಾಪುರದ ಕಡೆಯ ಸುಬ್ರಾಯ. ಎಗ್ಮೋರ್ ರೈಲು ನಿಲ್ದಾಣದ ಹೋಟೆಲಿನಲ್ಲಿ ಮೂವತ್ತು ವರ್ಷ ಹಿಟ್ಟು ರುಬ್ಬಿದೆ. ನನ್ನ ವಡೆ ತಿನ್ನದೆ ಡ್ರೈವರುಗಳು ರೈಲು ಬಿಡುತ್ತಿರಲಿಲ್ಲ. ಆಮೇಲೆ ಈ ಶಾಲೆಯ ಕ್ಯಾಂಟೀನು ನೋಡಿಕೊಂಡೆ.

ತೊಂಬತ್ತೊಂಬತ್ತನೇ ಇಸವಿ ಜೂನಿನಲ್ಲಿ ಶಾಲೆಗೆ ಒಂದು ಪೆಟ್ಟಿಗೆ ಬಂತು. ನಾಲ್ಕು ಜನ ಹೊತ್ತು ತಂದರು, ಅದರಲ್ಲಿ ಇಬ್ಬರಿಗೆ ಸೊಂಟ ಹಿಡಿಯಿತು. ಒಳಗೆ ಇಪ್ಪತ್ತನಾಲ್ಕು ಜರ್ಮನ್ ಸ್ಕ್ರೂಡ್ರೈವರು, ಹನ್ನೆರಡು ಗರಗಸ, ಆರು ಮೋಟಾರು, ಬೆಸುಗೆ ಹಾಕುವ ಕಡ್ಡಿ. ಮೇಲೆ ಅರಗಿನ ಸೀಲು. ಜೊತೆಗೆ ಬಂದ ಸುತ್ತೋಲೆಯನ್ನು ಹೆಡ್ಮಾಸ್ಟರು ಎಲ್ಲರೆದುರು ಓದಿದರು: "ವಿದ್ಯಾರ್ಥಿಗಳು ಇನ್ನು ಮುಂದೆ ಪುಸ್ತಕ ನೋಡಿ ಕಲಿಯದೆ, ತಮ್ಮ ಕೈಯಾರೆ ವಸ್ತುಗಳನ್ನು ತಯಾರಿಸಿ ಕಲಿಯತಕ್ಕದ್ದು. ಪೆಟ್ಟಿಗೆಯನ್ನು ತರಬೇತಿ ಹೊಂದಿದ ಶಿಕ್ಷಕರು ಮಾತ್ರ ತೆರೆಯತಕ್ಕದ್ದು. ತೆರೆದಾಗ ಸಾಮಾನು ಕಡಿಮೆ ಕಂಡುಬಂದಲ್ಲಿ, ರಶೀದಿಗೆ ಸಹಿ ಮಾಡಿದವರನ್ನು ಕೆಲಸದಿಂದ ವಜಾ ಮಾಡಲಾಗುವುದು."

ರಶೀದಿಗೆ ಸಹಿ ಮಾಡಿದ್ದು ಕೌಸಲ್ಯಾ ಟೀಚರು. "ಒಳಗಿನ ಎಲ್ಲ ಸಾಮಾನು ಎಣಿಸಿ, ಪರೀಕ್ಷಿಸಿ ಪಡೆದಿದ್ದೇನೆ" ಎಂಬಲ್ಲಿ ಸಹಿ ಬೀಳದೆ ಪೆಟ್ಟಿಗೆ ಇಳಿಸುವುದಿಲ್ಲ ಎಂದು ಲಾರಿಯವರು ಹಟ ಹಿಡಿದಿದ್ದರು. ಸೀಲು ಒಡೆಯದೆ ಎಣಿಸುವುದು ಹೇಗೆ ಎಂದು ಆಕೆ ಕೇಳಿದರು. "ನಂಬಿಕೆಯಿಂದ" ಎಂದರು ಹೆಡ್ಮಾಸ್ಟರು.

ಆಕೆ ತಾಂಬರಂನಿಂದ ದಿನಾ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬರುತ್ತಿದ್ದ ವಿಜ್ಞಾನದ ಟೀಚರು. ಒಂಬತ್ತು ವರ್ಷದಿಂದ ಹಂಗಾಮಿ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ತರಬೇತಿಯ ಸರ್ಟಿಫಿಕೇಟು ಸಿಕ್ಕರೆ ಕೆಲಸ ಕಾಯಂ, ಸಿಗದಿದ್ದರೆ ಮನೆ.

ತರಬೇತಿ ಎಗ್ಮೋರಿನ ಒಂದು ಸಭಾಂಗಣದಲ್ಲಿ, ಮೂರು ದಿನ, ಅರವತ್ತು ಶಿಕ್ಷಕರಿಗೆ. ಊಟ ನನ್ನದು, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಅಲ್ಲೂ ಅಂಥದ್ದೇ ಪೆಟ್ಟಿಗೆ ಇತ್ತು, ಮೇಜಿನ ಮೇಲೆ, ಹೂವಿನ ಹಾರ ಹಾಕಿ. ಸಾಮಾನು ಸವೆಯಬಾರದೆಂದು ತೆರೆಯಲಿಲ್ಲ.

"ಎಲ್ಲರೂ ಬಲಗೈ ಎತ್ತಿ" ಎಂದರು ತರಬೇತಿ ಅಧಿಕಾರಿ. "ಕೈಯಲ್ಲಿ ಸ್ಕ್ರೂಡ್ರೈವರ್ ಇದೆ ಎಂದು ಭಾವಿಸಿ. ಎದುರಿಗೆ ಸ್ಕ್ರೂ ಇದೆ ಎಂದು ಭಾವಿಸಿ. ತಿರುಗಿಸಿ."

ಅರವತ್ತು ಜನ ಗಾಳಿಯನ್ನು ತಿರುಗಿಸಿದರು. ಒಬ್ಬ ಮೇಷ್ಟ್ರು ಎಡಕ್ಕೆ ತಿರುಗಿಸಿದ್ದಕ್ಕೆ, "ನಿಮ್ಮ ಸ್ಕ್ರೂ ಕಳಚಿ ಬಿತ್ತು" ಎಂದು ಎರಡು ಅಂಕ ಕಳೆದರು. ಆತ ಬೆಂಚಿನ ಕೆಳಗೆ ಬಗ್ಗಿ ಹುಡುಕಿದ. ಶ್ರದ್ಧೆಗಾಗಿ ಮೂರು ಅಂಕ ಕೊಟ್ಟರು.

ಮೂರನೇ ದಿನ ಗ್ರೈಂಡರು ನಿಂತಿತು. ವಡೆಯ ಹಿಟ್ಟು ಅರ್ಧಕ್ಕೆ. ಆಹ್ವಾನಪತ್ರದಲ್ಲಿ ವಡೆಯೆಂದು ಅಚ್ಚಾಗಿತ್ತು, ವಡೆ ಇಲ್ಲದೆ ಸಮಾರೋಪ ಊರ್ಜಿತವಾಗುವುದಿಲ್ಲ. ಕೌಸಲ್ಯಾ ಟೀಚರು ನೀರು ಕುಡಿಯಲು ಅಡುಗೆಮನೆಗೆ ಬಂದವರು ನಿಂತು ನೋಡಿದರು.

"ಸ್ಪ್ಯಾನರ್ ಕೊಡಿ ಸುಬ್ರಾಯಣ್ಣ."

"ಬೇಡ ಟೀಚರ್, ಕೈಯೆಲ್ಲ ಗ್ರೀಸ್ ಆಗ್ತದೆ."

"ಮೂರು ದಿನದಿಂದ ಗಾಳಿ ತಿರುಗಿಸಿ ಕೈ ಜೋಮು ಹಿಡಿದಿದೆ. ಕೊಡಿ."

ಬೆಲ್ಟು ಬಿಚ್ಚಿ, ಬೋಲ್ಟು ಬಿಗಿದು, ಹತ್ತು ನಿಮಿಷದಲ್ಲಿ ಕಲ್ಲು ತಿರುಗಿಸಿದರು. ನಾನು ಪಕ್ಕದಲ್ಲಿ ನಿಂತು ಧೈರ್ಯ ಕೊಟ್ಟೆ.

ಸರ್ಟಿಫಿಕೇಟು ಕೊಡುವಾಗ ಅಧಿಕಾರಿ ಆಕೆಯ ಕೈ ನೋಡಿದರು.

"ಏನಮ್ಮಾ ಇದು?"

"ಗ್ರೈಂಡರ್ ರಿಪೇರಿ ಮಾಡಿದೆ, ಸಾರ್."

"ತರಬೇತಿ ನಡೆಯುವಾಗ ಉಪಕರಣ ಮುಟ್ಟಿದಿರಾ?" ಅವರು ನಿಜವಾಗಿ ನೊಂದುಕೊಂಡರು. "ನಿಯಮ ಏಳು: ಕೈ ಶುಚಿಯಿಲ್ಲದವರು ಅನರ್ಹರು."

ಒಂದು ಸರ್ಟಿಫಿಕೇಟು ಉಳಿಯಿತು. ಮಂಜೂರಾದದ್ದು ಅರವತ್ತು; ಉಳಿದರೆ ಅಧಿಕಾರಿ ಸಮಜಾಯಿಷಿ ಬರೆಯಬೇಕು. ಸುತ್ತ ನೋಡಿದರು. ನಾನು ಆಗಷ್ಟೇ ಕೈ ತೊಳೆದು ವಡೆ ಬಡಿಸುತ್ತಿದ್ದೆ.

"ಕೈ ತೋರಿಸಿ" ಎಂದರು. ತೋರಿಸಿದೆ. ಪ್ರಥಮ ದರ್ಜೆ ಕೊಟ್ಟರು.

ಹೆಡ್ಮಾಸ್ಟರು ಎರಡು ದಿನ ಯೋಚಿಸಿ ಆದೇಶ ಹೊರಡಿಸಿದರು. ತರಬೇತಿ ಹೊಂದಿದ ಸುಬ್ರಾಯ ವಿಜ್ಞಾನ ಶಿಕ್ಷಕ. ಸುಬ್ರಾಯನಿಂದ ತೆರವಾದ ಕ್ಯಾಂಟೀನು ಮೇಲ್ವಿಚಾರಕ ಹುದ್ದೆಗೆ ಕೌಸಲ್ಯಾ. ಆ ಹುದ್ದೆ ಮೊದಲಿಂದಲೂ ಕಾಯಂ ಆಗಿತ್ತು.

"ಒಂಬತ್ತು ವರ್ಷ ಪಾಠ ಮಾಡಿದ್ದಕ್ಕೆ ಸಿಗದೇ ಇದ್ದದ್ದು ಸಾಂಬಾರಿಗೆ ಸಿಕ್ಕಿತು" ಎಂದರು ಟೀಚರು. ನಕ್ಕರೋ ಅತ್ತರೋ, ಈರುಳ್ಳಿ ಹೆಚ್ಚುತ್ತಿದ್ದರು, ತಿಳಿಯಲಿಲ್ಲ.

ವ್ಯವಸ್ಥೆ ಸುಗಮವಾಗಿ ನಡೆಯಿತು. ನಾನು ಪ್ರಯೋಗಾಲಯದಲ್ಲಿ ಪೆಟ್ಟಿಗೆ ಕಾಯುತ್ತ ಉದ್ದು ಆರಿಸುತ್ತಿದ್ದೆ. ಮಕ್ಕಳು ಕ್ಯಾಂಟೀನಿನಲ್ಲಿ ಕೆಟ್ಟ ಮಿಕ್ಸಿ ಬಿಚ್ಚುತ್ತಿದ್ದರು, ಇಡ್ಲಿ ತಟ್ಟೆಗಳಲ್ಲಿ ನೀರಿನ ಚಕ್ರ ಮಾಡಿ ಬಲ್ಬು ಹೊತ್ತಿಸುತ್ತಿದ್ದರು. ಕಾಗದದಲ್ಲಿ ಅದಕ್ಕೆ 'ತಿಂಡಿ ವಿರಾಮ' ಎಂದು ಹೆಸರು.

ಮರುವರ್ಷ ಇನ್ಸ್‌ಪೆಕ್ಟರು ಬಂದರು. ಕ್ಯಾಂಟೀನಿನ ಬಾಗಿಲಲ್ಲಿ ನಿಂತು, ಕೈ ಕರಿ ಮಾಡಿಕೊಂಡ ಮಕ್ಕಳನ್ನು ನೋಡಿ, "ವಿರಾಮದಲ್ಲಿ ಶಿಸ್ತು ಸಾಲದು" ಎಂದು ಬರೆದುಕೊಂಡರು. ಆಮೇಲೆ ಪ್ರಯೋಗಾಲಯಕ್ಕೆ ಬಂದು ಪೆಟ್ಟಿಗೆಯತ್ತ ಬೆರಳು ತೋರಿಸಿದರು.

"ತೆಗೆಯಿರಿ. ನೋಡೋಣ."

ಕೌಸಲ್ಯಾ ಟೀಚರು ಕಾಫಿ ಹಿಡಿದು ಬಾಗಿಲಲ್ಲಿದ್ದರು. ರಶೀದಿಯಲ್ಲಿದ್ದದ್ದು ಅವರ ಸಹಿ.

"ತೆಗೆಯಬಹುದು ಸಾರ್" ಎಂದೆ. "ತೆಗೆದರೆ ಸೀಲು ಒಡೆಯುತ್ತದೆ. ಯಾರ ಎದುರು ಒಡೆಯಿತು ಅಂತ ಒಬ್ಬರು ಸಹಿ ಹಾಕಬೇಕು. ನನಗೆ ಸಹಿ ಬರುವುದಿಲ್ಲ. ತಾವೇ ಹಾಕಬೇಕು."

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಸೀಲು ನೋಡಿ ಮತ್ತೆ ಮುಚ್ಚಳ ಹಾಕಿದರು. ಪೆಟ್ಟಿಗೆಯ ಮೇಲೆ ಕೂತು ಕಾಫಿ ಕುಡಿದರು. ವರದಿಯಲ್ಲಿ, "ಉಪಕರಣಗಳು ಹೊಚ್ಚ ಹೊಸದರಂತಿವೆ; ಶಿಕ್ಷಕರ ಕಾಳಜಿ ಅನುಕರಣೀಯ" ಎಂದು ಬರೆದರು.

ಅಲ್ಲಿಂದ ಬೇರೆ ಶಾಲೆಯ ಮೇಷ್ಟ್ರುಗಳು ತಂಡತಂಡವಾಗಿ ಬಂದರು, ಸೀಲು ಒಡೆಯದೆ ಕೈಯಾರೆ ಕಲಿಸುವುದು ಹೇಗೆಂದು ತಿಳಿಯಲು. ಪೆಟ್ಟಿಗೆ ಒರೆಸುವ ಬಟ್ಟೆ ಒದ್ದೆಯಿರಬಾರದು ಎಂಬುದನ್ನು ನಾನೇ ಕಲಿಸಿದೆ. ಅವರೆಲ್ಲ ಬರೆದುಕೊಂಡರು. ಕೌಸಲ್ಯಾ ಟೀಚರು ಅವರಿಗೆಲ್ಲ ಕಾಫಿ ಕೊಟ್ಟರು.

ಎರಡು ಸಾವಿರದ ಐದರಲ್ಲಿ ಶಾಲೆ ಮುಚ್ಚಿತು. ಟೀಚರು ಕ್ಯಾಂಟೀನಿನಿಂದ ನಿವೃತ್ತರಾದರು. ಶಾಲೆಯವರು ನನಗೆ ಶಾಲು ಹೊದಿಸಿ, ನೆನಪಿಗಾಗಿ ಪೆಟ್ಟಿಗೆಯನ್ನೇ ಕೊಟ್ಟರು.

"ಕೊನೆವರೆಗೂ ಸೀಲ್ ಒಡೀಲೇ ಇಲ್ವಾ, ತಾತಾ?" ಎಂದಳು ಪ್ರಣಮ್ಯಾ.

"ಇವತ್ತಿನವರೆಗೂ ಇಲ್ಲ. ನೀನು ಕೂತಿದ್ದೀಯಲ್ಲ, ಅದೇ ಪೆಟ್ಟಿಗೆ. ಬಗ್ಗಿ ನೋಡು."

ಅವಳು ಎದ್ದು ಬಗ್ಗಿ ಅರಗು ಮುಟ್ಟಿ ನೋಡಿದಳು. "ಹಾಗಾದ್ರೆ ಒಳಗೆ ಟ್ವೆಂಟಿಫೋರ್ ಜರ್ಮನ್ ಸ್ಕ್ರೂಡ್ರೈವರ್ ಇದೆ ಅಂತ ನಿಮಗೆ ಹೇಗೆ ಗೊತ್ತು?"

ನಾನು ಉತ್ತರ ಕೊಡುವುದರೊಳಗೆ ಹಿಡಿಕೆಗೆ ಎರಡು ಬೆರಳು ಹಾಕಿ ಎತ್ತಿಯೇಬಿಟ್ಟಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಏನೂ ಸದ್ದಿಲ್ಲ.

"ನಾಲ್ಕು ಜನ ಹೊತ್ತು ತಂದ್ರು ಅಂದ್ರಿ."

ನಾನು ಭುಜ ಕುಣಿಸಿದೆ. "ಜರ್ಮನ್ ಉಕ್ಕು ಮಾರಾಯ್ತಿ, ಹಗುರ ಇರ್ತದೆ. ಮೆಲ್ಲ ಕೆಳಗಿಡು, ಸೀಲು ಜೋಪಾನ. ಕೌಸಲ್ಯಾ ಟೀಚರಿಗೆ ಇನ್ನೂ ಪಿಂಚಣಿ ಬರ್ತಾ ಉಂಟು."