ಹುರುಳಿ ಕಟ್ಟಿನ ಕರಿ ಕೂದಲು

ಎಪ್ಪತ್ತರ ಹತ್ತಿರ ಬಂದ ಮೇಲೆ ಬಿಳೀ ತಲೆ ತಾನಾಗೇ ಕರಿ ಆಗಿದ್ದು ತುಮಕೂರು ಸೀಮೆಯಲ್ಲಿ ನನಗೊಬ್ಬನಿಗೇ. ಸುಳ್ಳು ಅನ್ನೋರು ನಮ್ಮ ಕ್ಷೌರದವನನ್ನ ಕೇಳಬೇಕು, ಅವನು ತೀರಿಕೊಂಡ. ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ, ನಾನೇನೂ ಕರೆಯೋದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಕಾಲ. ನನಗೆ ರಕ್ತದ ಕ್ಯಾನ್ಸರ್ ಅಂದರು. ಡಾಕ್ಟರು ಹೊಸ ಮಾತ್ರೆ ಕೊಟ್ಟು, "ಇದು ಕೆಟ್ಟ ಕಣಕ್ಕೇ ಗುರಿ ಇಟ್ಟು ಹೊಡೆಯತ್ತೆ, ದಿನಾ ನುಂಗಿ" ಅಂದರು. ಅದೇ ಹೊತ್ತಿಗೆ ಮೊಮ್ಮಗಳಿಗೆ ಗುಬ್ಬಿ ಕಡೆ ಸಂಬಂಧ ಕೂಡಿಬಂದಿತ್ತು. ಹುಡುಗ ಅವಳೇ ಮೆಚ್ಚಿದವನು. ಮನೆತನದಲ್ಲಿ ಕ್ಯಾನ್ಸರ್ ಅಂತ ಗೊತ್ತಾದರೆ ಅವರು ಬಂದ ದಾರೀಲೇ ವಾಪಸ್ಸು. ಮದುವೆ ಆಗೋವರೆಗೂ ಯಾರೂ ಬಾಯಿ ಬಿಡಕೂಡದು ಅಂತ ಮನೇಲಿ ಕಟ್ಟಪ್ಪಣೆ ಮಾಡಿದೆ. ಎಲ್ಲರೂ ಕೇಳಿದರು, ಮಾತ್ರೆ ಒಂದು ಕೇಳಲಿಲ್ಲ, ನನ್ನ ಬಿಳೀ ತಲೆಗೆ ಕರಿ ಹತ್ತಿಸಿತು.

ಶೆಟ್ಟಿಹಳ್ಳಿ ಕಟಿಂಗ್ ಶಾಪು

ಕ್ಷೌರದವನು ಬಾಚಣಿಗೆ ಹಿಡಿದೋನು ಹಂಗೇ ನಿಂತ. "ಯಜಮಾನ್ರೇ, ಡೈ ಆದ್ರೆ ಬುಡದಲ್ಲಿ ಬಿಳಿ ಕಾಣ್ಬೇಕು. ನಿಮ್ದು ಬುಡದಿಂದ್ಲೇ ಕರಿ ಬರ್ತಾ ಐತಲ್ಲ!"

"ದಿನಾ ಒಂದು ಚೆಂಬು ಹುರುಳಿ ಕಟ್ಟು ಕುಡೀತೀನಿ ಕಣಯ್ಯ" ಅಂದೆ.

ಅವನು ಬಂದ ಗಿರಾಕಿಗಳಿಗೆಲ್ಲ ಹೇಳಿದ. ಬೀದೀಲಿ ಮನೆ ಮನೇಲೂ ಹುರುಳಿ ಬೆಂದಿತು. ಯಾರ ಕೂದಲೂ ಕರಿ ಆಗಲಿಲ್ಲ. ಆ ಅಂಗಡಿ ಬೆಂಚಿನ ಮೇಲೆ ಮಾತ್ರ ಹೊಟ್ಟೆ ವಾಯುವಿಗೆ ಹೆದರಿ ಒಬ್ಬರ ಪಕ್ಕ ಒಬ್ಬರು ಕೂರೋದು ಬಿಟ್ಟರು.

ಕುಣಿಗಲ್ಲಿನ ಸಾವು

ಆ ಮಾತ್ರೆಗೆ ಬೆಳಿಗ್ಗೆ ಹೊತ್ತು ನನ್ನ ಕಣ್ಣು ಬನ್ನಿನ ಹಂಗೆ ಊದಿರೋದು, ನೀರು ಬೇರೆ ಸುರಿಯೋದು. ಅಂಥ ಒಂದು ಬೆಳಿಗ್ಗೆ ಕುಣಿಗಲ್ಲಿನ ನಂಟನೊಬ್ಬ ಹೋಗಿಬಿಟ್ಟ. ಬದುವಿನ ಜಗಳಕ್ಕೆ ನನ್ನ ಹತ್ರ ಮಾತು ಬಿಟ್ಟವನು. ಜನ ಆಡಿಕೋತಾರೆ ಅಂತ ಹೋದೆ. ನನ್ನ ಮುಖ ನೋಡಿದ್ದೇ ಅವನ ಹೆಂಡತಿ ಎದ್ದು ಬಂದು ನನ್ನನ್ನೇ ಹಿಡಿದುಕೊಂಡಳು.

"ಸಮಾಧಾನ ಮಾಡ್ಕೊ ಅಣ್ಣಾ. ನಾನೇ ಇಷ್ಟು ಅತ್ತಿಲ್ಲ!"

ಹೆಗಲು ಕೊಡೋಕೂ ನನ್ನನ್ನೇ ಮುಂದಕ್ಕೆ ಬಿಟ್ಟರು.

ಗುಬ್ಬಿಯ ತಟ್ಟೆ

ನಿಶ್ಚಿತಾರ್ಥಕ್ಕೆ ಗುಬ್ಬಿಗೆ ಹೋದೆವು. ತಾಂಬೂಲದ ತಟ್ಟೆ ಮನೆಯ ಹಿರೀಕನ ಕೈಗೇ ಕೊಡೋದು ಪದ್ಧತಿ. ಹುಡುಗನ ಅಪ್ಪ ಸೀದಾ ಹೋಗಿ ನನ್ನ ಮಗನ ಕೈಗೆ ಕೊಟ್ಟ. ಮಗನ ತಲೆ ಪೂರ್ತಿ ನರೆತಿತ್ತು. "ತಾತನವ್ರೇ, ಹಿಡೀರಿ" ಅಂದ.

"ತಾತ ನಾನಲ್ಲ ಸಾರ್, ಅವ್ರು" ಅಂತ ಮಗ ನನ್ನ ಕಡೆ ಕೈ ತೋರಿಸಿದ. ಎಲ್ಲರೂ ನನ್ನ ತಲೆ ನೋಡಿದರು. ಸೊಸೆ ಮುಖ ಸಪ್ಪಗಾಯಿತು. ನಾನು ಹೆದರದೆ ಹುರುಳಿ ಪುರಾಣ ಶುರು ಮಾಡಿದೆ.

ಹುಡುಗನ ಅಜ್ಜಿ ಊಟಕ್ಕೆ ಏಳೋವಾಗ ಹತ್ತಿರ ಬಂತು. ಕೈ, ಮುಖ ಎಲ್ಲ ಹಾಲಿನ ಹಂಗೆ ಬೆಳ್ಳಗಿತ್ತು.

"ಬೀಗ್ರೇ, ಮಾತ್ರೆ ಊಟ ಆದ್ಮೇಲೆ ತಾನೇ ನುಂಗೋದು? ಬರೀ ಹೊಟ್ಟೇಲಿ ನುಂಗಿದ್ರೆ ವಾಂತಿ ಬರತ್ತೆ."

"ಯಾವ ಮಾತ್ರೆ? ನಾನು ಹುರುಳಿ..."

"ಹುರುಳಿ ತಿಂದ್ರೆ ಕಣ್ಣು ಊದಲ್ಲ ಬುಡಿ. ನಂದೂ ಅದೇ ಕಾಯ್ಲೆ, ಅದೇ ಮಾತ್ರೆ. ನಿಮ್ಗೆ ಕೂದ್ಲು ಕರಿ ಆಯ್ತು, ನಂಗೆ ಮೈ ಬೆಳ್ಳಗಾಯ್ತು. ನಿಮ್ಗೆ ಗೊತ್ತಾದ್ರೆ ಹುಡುಗಿ ಕೊಡಲ್ಲ ಅಂತ ನಮ್ಮನೇಲೂ ಎಲ್ರ ಬಾಯಿಗೆ ಬೀಗ ಹಾಕಿಸಿದೀನಿ. ಕೇಳಿದೋರಿಗೆಲ್ಲ ಕಡ್ಲೆ ಹಿಟ್ಟು ಹಚ್ಕೊಂಡೆ ಅಂದಿದೀನಿ."

ನಾನು ಹೆಗಲು ಕುಣಿಸಿ, "ಹುರುಳಿನೂ ತಿಂತೀನಿ ಬುಡಿ" ಅಂದು ಊಟಕ್ಕೆ ಕೂತೆ.